ರೇಸ್ ಬಿಟ್ಟ ಗ್ರೇಹೌಂಡ್ ಮತ್ತ ಮುಧೋಳ ನಾಯಿ, ಎರಡನ್ನೂ ಕಿತ್ತೂರ ಉತ್ಸವಕ್ಕ ಕರ್ಕೊಂಡ ಹೋಗಬಹುದಾ? ಗೊತ್ತಿದ್ದೋರು ಹೇಳ್ರಿ

ಟಿಳಕವಾಡಿ_ಸೋಫಾ

ನಮಸ್ಕಾರ ಎಲ್ಲಾರಿಗೂ. ನಾವು ಬೆಳಗಾವಿ ಟಿಳಕವಾಡಿಯವ್ರು. ಮನ್ಯಾಗ ಮೊದಲಿಂದ ಒಂದ ಮುಧೋಳ ನಾಯಿ ಐತಿ, ಗಂಡು, ಸರ್ದಾರ ಅಂತ ಹೆಸರು. ಈ ವರ್ಷ ನಮ್ಮಣ್ಣ ವೈನಿ ಮೆಲ್ಬರ್ನ್ ಬಿಟ್ಟು ಕಾಯಂ ಊರಿಗೆ ಬಂದ್ರು, ಬರೂವಾಗ ಅಲ್ಲೆ ದತ್ತು ತಗೊಂಡಿದ್ದ ಗ್ರೇಹೌಂಡನ್ನೂ ಜೋಡಿ ಕರ್ಕೊಂಡ ಬಂದಾರ. ರೇಸ್ ಓಡಿ ರಿಟೈರ್ ಆದ ಹೆಣ್ಣ ನಾಯಿ, ರೂಬಿ. ಕಿವಿ ಒಳಗ ಹಚ್ಚಿ ನಂಬರೂ ಐತಿ. ಅದನ್ನ ವಿಮಾನದಾಗ ತರಾಕ ಎನ್‌ಓಸಿ, ಕ್ವಾರಂಟೈನ್ ಆಫೀಸು ಅಂತ ಏನೇನ ಓಡಾಡಿದ್ರು ಅನ್ನೂದು ಬ್ಯಾರೆ ಪುರಾಣ, ಇನ್ನೊಮ್ಮೆ ಬರೀತೀನಿ.

ಈಗ ಪ್ರಶ್ನಿ ಏನಪಾ ಅಂದ್ರ, ಅಕ್ಟೋಬರ್ 23ಕ್ಕ ಕಿತ್ತೂರ ಉತ್ಸವ ಶುರು ಆಗ್ತೈತಿ, ಮನಿಮಂದಿ ಎಲ್ಲಾ ಹೊಂಟೀವಿ, ಅಣ್ಣ ಅಂತಾನ ಎರಡೂ ನಾಯಿ ಕರ್ಕೊಂಡ ಹೋಗೂಣು, ಗಾಡ್ಯಾಗ ಜಾಗಾ ಐತಿ, ರೂಬಿ ಮೆಲ್ಬರ್ನಿನ್ಯಾಗ ಸಂತಿ ಪ್ಯಾಟಿ ಕೆಫೆ ಎಲ್ಲಾ ತಿರಿಗ್ಯಾಡಿದ ನಾಯಿ, ಇಲ್ಲೇನ ಹೊಸಾದು ಅಂತ. ಅವ್ವ ಅಂತಾಳ ಮಂದಿ ಗದ್ದಲದಾಗ ನಾಯಿ ಯಾಕ ಬೇಕಪಾ, ನಮಗ ನಿಂದ್ರಾಕ ಜಾಗಾ ಇರಂಗಿಲ್ಲ ಅಂತ. ನಾ ನಡುವ ಸಿಕ್ಕೊಂಡೀನಿ.

ರೂಬಿ ಭಾಳ ಶಾಂತ ಅದು. ದಿನಾಪೂರ್ತಿ ಸೋಫಾದ ಮ್ಯಾಲ ಮಲಗಿರ್ತೈತಿ, ಬೊಗಳಿದ್ದ ನಾವು ಕೇಳೇ ಇಲ್ಲ. ಹೋದ ವಾರ ಸಂಜೀಮುಂದ ಖಡೇಬಜಾರಕ್ಕ ಕರ್ಕೊಂಡ ಹೋಗಿದ್ವಿ, ಆ ಗದ್ದಲದಾಗೂ ಒಂದ ಕಡೆ ಕಂಬದಗತೆ ನಿಂತಬಿಡ್ತು, ಹುಡುಗೂರು ಬಂದು ಮುಟ್ಟಿದ್ರು, ಫೋಟೋ ತಗೊಂಡ್ರು, ಒಂಚೂರೂ ಹಲ್ಲ ಕಿಸೀಲಿಲ್ಲ. ಕಡೀಕ ಗಾಡಿ ತನಕ ಬರಾಕ ಒಲ್ಲೆ ಅಂದಿದ್ದಕ್ಕ ಅಣ್ಣ ಎತ್ಕೊಂಡೇ ಬಂದ. ಸರ್ದಾರಂದು ಉಲ್ಟಾ, ಬೆಕ್ಕ ಕಂಡ್ರ ಕೈ ಕಿತ್ತ ಹೋಗಬೇಕು ಹಂಗ ಜಗ್ಗತಾನ. ಅದಕ್ಕ ನನಗ ಚಿಂತಿ ಇರೂದು ಸರ್ದಾರಂದು, ರೂಬೀದಲ್ಲ.

ಮತ್ತ ನವೆಂಬರ್ 1ಕ್ಕ ಚನ್ನಮ್ಮ ಸರ್ಕಲ್ ಮೆರವಣಿಗಿ ಬ್ಯಾರೆ ಐತಿ. ಮಝಲ್ (ಬಾಯಿಗೆ ಕಟ್ಟೂ ಜಾಳಿಗಿ) ಹಾಕಬೇಕಾ, ಎಂಥಾ ಬೆಲ್ಟ್ ತಗೋಬೇಕು, ಕಾನೂನು ಏನರ ಐತೇನು, ಇಂಥಾ ನಾಯಿ ಸಾಕಿದೋರು ಯಾರರ ಇದ್ರ ಹೇಳ್ರಿ.

---

ಖಡೇಬಜಾರ್_ಕಾಕಾ

ನಿಮ್ಮವ್ವ ಹೇಳೂದು ಖರೇ ಐತಿ. ಮುಗೀತು.

ಉತ್ಸವದಾಗ ನಾವು ಸಣ್ಣ ಮಕ್ಕಳನ್ನ ಹೆಗಲ ಮ್ಯಾಲ ಹೊತ್ಕೊಂಡ ನಿಂದರ್ತೀವಿ, ಕೆಳಗ ಇಳಿಸಿದ್ರ ತುಳದಾರು ಅಂತ. ಅದ್ರಾಗ ನೀವು ಎರಡ ಬೇಟೆ ನಾಯಿ ತಂದು ನಿಂದ್ರಸ್ತೀರಿ. "ಏನೂ ಮಾಡಂಗಿಲ್ರಿ ನಮ್ಮ ನಾಯಿ" ಅಂತ ಎಲ್ಲಾರೂ ಹೇಳ್ತಾರ. ನಮ್ಮ ಮೊಮ್ಮಗಳಿಗಿ ಕಡದ ನಾಯಿ ಮಾಲಕನೂ ಹಂಗ ಅಂದಿದ್ದ, ಬೆಲ್ಟ್ ಕೈಯಾಗ ಹಿಡ್ಕೊಂಡೇ ಅಂದಿದ್ದ. ಆ ಕೂಸು ಇನ್ನೂ ನಾಯಿ ಕಂಡ್ರ ರಸ್ತಾ ದಾಟತೈತಿ. ಕಾನೂನು ಕೇಳಿದ್ರೆಲ್ಲಾ, ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 291 ಓದ್ರಿ, ತಮ್ಮ ಪ್ರಾಣಿ ಬಗ್ಗೆ ಎಚ್ಚರ ತಪ್ಪಿ ಮಂದಿಗಿ ಅಪಾಯ ಆಗೂ ಹಂಗ ಬಿಟ್ರ ಆರ ತಿಂಗಳ ತನ ಜೈಲು ಇಲ್ಲಾ 5000 ರೂಪಾಯಿ ತನ ದಂಡ, ಎರಡೂ ಆಗಬಹುದು.

---

ಟಿಳಕವಾಡಿ_ಸೋಫಾ

ಕಾಕಾ ಸಿಟ್ಟ ಆಗಬ್ಯಾಡ್ರಿ, ಕೇಳಾಕಂತ ಬಂದೀನಿ, ಇನ್ನೂ ಕರ್ಕೊಂಡ ಹೋಗಿಲ್ಲ. ಆದ್ರ ಅಣ್ಣ ಹೇಳೂದು ಏನಂದ್ರ ವಿಕ್ಟೋರಿಯಾದಾಗ, ಅಂದ್ರ ಮೆಲ್ಬರ್ನ್ ಇರೂ ರಾಜ್ಯದಾಗ, ಮೊದಲ ಮನ್ಯಾಗ ಸಾಕಿದ ಗ್ರೇಹೌಂಡಿಗೂ ಹೊರಗ ಹೋದಾಗ ಮಝಲ್ ಕಡ್ಡಾಯ ಇತ್ತಂತ, 2019ರ ಜನವರಿಯಿಂದ ಅದನ್ನ ತಗದಬಿಟ್ಟಾರ, ಅಂದ್ರ ಅಲ್ಲಿ ಸರಕಾರಕ್ಕೂ ಗೊತ್ತಾಗೇತಿ ಇವು ಪಾಪದ ನಾಯಿ ಅಂತ.

---

ಮುಧೋಳ_ಬಯಲು

ಅಣ್ಣಾವ್ರ ನಿಮ್ಮ ಪ್ರಶ್ನಿ ಎರಡ ಸರ್ತಿ ಓದಿದೆ. ನಮ್ಮಪ್ಪನ ಕಾಲದಿಂದ ಮನ್ಯಾಗ ಬೇಟೆ ನಾಯಿ ಅದಾವು ಅದಕ್ಕ ಸ್ವಲ್ಪ ಉದ್ದ ಬರೀತೀನಿ, ಬ್ಯಾಸರ ಆದ್ರ ಬಿಡ್ರಿ.

ಮೊದಲ ಮಝಲ್ ಮಾತು. ಅಲ್ಲೆ ಮಝಲ್ ತಗದದ್ದು ಖರೇ, ಆದ್ರ ಬೆಲ್ಟ್ ಬಿಚ್ಚಾಕ ಹೇಳಿಲ್ಲ. ಹೊರಗ ಗ್ರೇಹೌಂಡ್ ಬೆಲ್ಟಿನ್ಯಾಗೇ ಇರಬೇಕು ಅನ್ನೂ ರೂಲು ಅಲ್ಲೆ ಹಂಗೇ ಐತಿ. ನಿಮ್ಮಣ್ಣ ಅರ್ಧಾ ಹೇಳ್ಯಾನ.

ಈಗ ರೂಬಿ. ನೀವು ಚಿಂತಿ ಸರ್ದಾರಂದು ಅಂದ್ರಿ, ನನಗ ಓದಿ ಚಿಂತಿ ಆಗಿದ್ದು ರೂಬೀದು. ಖಡೇಬಜಾರದಾಗ ಕಂಬದಗತೆ ನಿಂತಿತ್ತು, ಮುಂದ ಹೆಜ್ಜಿ ಇಡಾಕ ಒಲ್ಲೆ ಅಂತು, ಎತ್ಕೊಂಡ ಬಂದ್ವಿ ಅಂದ್ರೆಲ್ಲಾ, ಅದು ಶಾಂತ ಅಲ್ರಿ, ಹೆದರಿ ಮರಗಟ್ಟಿದ್ದು. ಈ ಜಾತಿ ನಾಯಿ ಹೆದರಿದ್ರ ಬೊಗಳಂಗಿಲ್ಲ, ಓಡಾಕ ದಾರಿ ಇದ್ರ ಓಡತಾವು, ಇಲ್ಲಂದ್ರ ನಿಂತಬಿಡತಾವು. ನಿಂತಾಗ ಹುಡುಗೂರು ಬಂದು ಮುಟ್ಟಿದ್ರು, ಪುಣ್ಯಾ, ಏನೂ ಆಗಲಿಲ್ಲ. ಮಂದಿ ಅದನ್ನ ನೋಡಿ ಎಷ್ಟ ಶಾಣ್ಯಾ ಐತಿ ಅಂತಾರ. ನಮ್ಮಲ್ಲೂ ಅಂತಾರ. ಸರ್ದಾರ ಜಗ್ಗತಾನ ಅಂದ್ರ ಅಂವಾ ಏನ ಮಾಡ್ತಾನ ಅನ್ನೂದು ನಿಮಗ ಮುಂಚೇನ ಗೊತ್ತಾಗ್ತೈತಿ, ರೂಬೀದು ಗೊತ್ತಾಗಂಗಿಲ್ಲ, ಅದಕ್ಕ ಅದರ ಕಡೆ ಹೆಚ್ಚ ನೋಡಬೇಕು.

ಬಾಲಾ ನೋಡಿ ಹೇಳ್ತೀನಿ ಅನ್ನಬ್ಯಾಡ್ರಿ, ಗ್ರೇಹೌಂಡ್ ಇರಲಿ ನಮ್ಮ ಮುಧೋಳ ಇರಲಿ ಸುಮ್ನ ನಿಂತಾಗೂ ಬಾಲಾ ಕೆಳಗೇ ಇರ್ತೈತಿ. ಬಾಯಿ ನೋಡ್ರಿ. ಬಾಯಿ ಬಿಗಿ ಹಿಡದು ಮ್ಯಾಲಿಂದ ಮ್ಯಾಲ ತುಟಿ ನೆಕ್ಕೂದು, ನಿದ್ದಿ ಇಲ್ದ ಆಕಳಿಸೂದು, ಕಣ್ಣಿನ ಬಿಳೀ ಕಾಣೂದು, ಹಿಂದಿನ ತೊಡಿ ನಡಗೂದು. ಎಲ್ಲಾಕ್ಕಿಂತ ಸಲೀಸ ಅಂದ್ರ ಕಿಸೆದಾಗ ಬೇಯಿಸಿದ ಕೋಳಿ ತುಣಕ ಇಟ್ಕೊಂಡ ಹೋಗ್ರಿ. ಮನ್ಯಾಗ ಹಾರಿ ತಿನ್ನೂ ನಾಯಿ ಅಲ್ಲೆ ಮೂಗ ಹೊಳ್ಳಿಸಿದ್ರ ಮುಗೀತು, ಗಾಡಿ ತಿರಿಗಸ್ರಿ.

ಇನ್ನೊಂದ, ರೇಸ್ ನಾಯಿ ಬೆಳದದ್ದ ಕೆನಲ್ದಾಗ. ಸುತ್ತ ಬರೇ ಗ್ರೇಹೌಂಡು, ಓಡೂದು ಒಂದ ಯಂತ್ರದ ಮೊಲದ ಹಿಂದ. ಬ್ಯಾರೆ ಜಾತಿ ನಾಯಿ ಕಂಡಿರಂಗಿಲ್ಲ, ಮೆಟ್ಟಿಲಾ ಗೊತ್ತಿರಂಗಿಲ್ಲ, ಗಾಜಿನ ಬಾಗಿಲಕ್ಕ ಹೋಗಿ ಬಡಿತಾವು. ಮೆಲ್ಬರ್ನಿನ ಕೆಫೆ ಅಂದ್ರ ಎಲ್ಲಾ ನಾಯಿ ಬೆಲ್ಟಿನ್ಯಾಗ, ಮಂದಿ ಕೇಳಿ ಮುಟ್ಟತಾರ, ರಸ್ತಾದಾಗ ಬೀದಿ ನಾಯಿ ಇಲ್ಲ. ಕಿತ್ತೂರಾಗ ಊರ ಹೊರಗ ಗಾಡಿ ನಿಂದ್ರಿಸಿ ಒಳಗ ನಡಕೊಂಡ ಹೋಗೂತನ ಎಷ್ಟ ಬೀದಿ ನಾಯಿ ಗುಂಪು ದಾಟಬೇಕು ಎಣಸ್ರಿ. ಹೊಸಾ ವಾಸನಿ ನಾಯಿ ಬಂತಂದ್ರ ಅವು ಬಿಡಂಗಿಲ್ಲ, ಮತ್ತ ಗ್ರೇಹೌಂಡಿನ ಚರ್ಮ ಅಂದ್ರ ಕಾಗದ, ಒಂದ ಹಲ್ಲ ತಾಗಿದ್ರ ಸೀಳಿ ಹೊಲಗಿ ಹಾಕಸಬೇಕಾಗ್ತೈತಿ. ಬೈಕಿನ ಫುಟ್‌ರೆಸ್ಟ್ ತಾಗಿದ್ರೂ ಸಾಕು.

ಬೆಲ್ಟ್ ಕೇಳಿದ್ರಿ. ಇವಕ್ಕ ಕುತ್ತಿಗಿ ತಲೀಗಿಂತ ದಪ್ಪ, ಸಾದಾ ಪಟ್ಟಾ ಹಾಕಿದ್ರ ಹಿಂದಕ್ಕ ಜಗ್ಗಿ ಸರಕ್ಕನೆ ತಲಿ ಹೊರಗ ತಗೀತಾವು. ಮಾರ್ಟಿಂಗೇಲ್ ಅಂತ ಬರ್ತೈತಿ, ಅಗಲ ಪಟ್ಟಿ, ಜಗ್ಗಿದ್ರ ಒಂಚೂರ ಬಿಗೀ ಆಗ್ತೈತಿ, ಬಿಟ್ರ ಸಡ್ಲ ಆಗ್ತೈತಿ, ಉಸರ ಕಟ್ಟಂಗಿಲ್ಲ. ಸರ್ದಾರಗೂ ಅದೇ ಹಾಕ್ರಿ. ಆ ಬಟನ್ ಒತ್ತಿದ್ರ ಉದ್ದಾಗಿ ಸುತ್ತಕೊಳ್ಳೂ ಹಗ್ಗದ ಬೆಲ್ಟ್ ಮಾತ್ರ ದಯವಿಟ್ಟ ಬ್ಯಾಡ. ಇವು ನಾಲ್ಕಾರ ನೆಗತದಾಗ ಪೂರಾ ಸ್ಪೀಡ್ ಹಿಡಿಯೂ ನಾಯಿ, ಗ್ರೇಹೌಂಡ್ ಗಂಟೆಗೆ 65 ಕಿಲೋಮೀಟರಿನ ಮ್ಯಾಲ ಓಡತೈತಿ, ಹಗ್ಗ ಮುಗದ ಕಡೆ ಜಟಕಾ ಹೊಡದು ಕುತ್ತಿಗಿ ಮುರೀಬಹುದು, ನಿಮ್ಮ ಬೊಟ್ಟೂ ಹೋಗಬಹುದು.

ನಮ್ಮ ಮುಧೋಳ ನಾಯಿ ಬಗ್ಗೆ ಒಂದ ಮಾತ ಹೇಳ್ದ ಇರಾಕ ಆಗಂಗಿಲ್ಲ, 2005ರಾಗ ಅಂಚೆ ಚೀಟಿ ಮ್ಯಾಲ ಬಂದ ಜಾತಿ ಇದು, ಮೀರತ್‌ನ್ಯಾಗ ಮಿಲಿಟ್ರಿಯವ್ರೂ ತಗೊಂಡ ಟ್ರೇನಿಂಗ್ ಕೊಟ್ಟಾರ. ಕೊಟ್ಟವ್ರೂ ಜಾತ್ರಿಗಿ ಕೊಟ್ಟಿಲ್ಲ! ಬಯಲಿಗಿ ಹುಟ್ಟಿದ ನಾಯಿ, ಬಯಲಿಗೇ ಬಿಡ್ರಿ.

---

ಟಿಳಕವಾಡಿ_ಸೋಫಾ

ಯಪ್ಪಾ. ತುಟಿ ನೆಕ್ಕೂದು ಆಕಳಿಸೂದು ಎರಡೂ ಮಾಡಿತ್ರೀ ಅವತ್ತ. ನಿದ್ದಿ ಬಂದೈತಿ ಅಂತ ವೈನಿ ನಕ್ಕಿದ್ರು. ಅಣ್ಣಗ ಇದನ್ನ ಹಂಗೇ ತೋರಸ್ತೀನಿ.

---

ಗುಮ್ಮಟನಗರಿ_ಅಕ್ಕ

ನಮ್ಮದು ವಿಜಯಪುರ. ನಮ್ಮ ಮನ್ಯಾಗ ಲ್ಯಾಬ್ರಡಾರ್ ಅದ, ಬೇಟೆ ನಾಯಿ ಅಲ್ಲ, ಆದ್ರೂ ಹೇಳ್ತೀನಿ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರಿ ಆಗ್ತದಲ್ಲಾ, ದನದ ಜಾತ್ರಿನೂ ಕೂಡೇ ಇರ್ತದ, ರಾತ್ರಿ ಮದ್ದು ಸುಡ್ತಾರ. ಆ ರಾತ್ರಿ ನಾವು ನಾಯಿನ್ನ ಹೊರಗ ತಗಿಯೂದೇ ಇಲ್ಲ. ಕತ್ತಲಾಗೂ ಮುಂಚೇನ ತಿರಗಾಡ್ಸಿ ಉಚ್ಚಿ ಹೊಯ್ಸಿ ಒಳಗ ತಂದು, ಕಿಟಕಿ ಹಾಕಿ ಫ್ಯಾನ್ ಜೋರ ಮಾಡಿ ಟೀವಿ ಹಚ್ಚಿಡ್ತೀವಿ, ನಡುವಿನ ಕೋಣ್ಯಾಗ ಹಾಸಿಗಿ ಹಾಕಿ ಬಿಡ್ತೀವಿ, ಮಂಚದ ಕೆಳಗ ಹೊಕ್ಕೊಂಡ್ರ ಎಬ್ಬಸಂಗಿಲ್ಲ. ನಿಮಗೂ ರಾಜ್ಯೋತ್ಸವದ ದಿನ ಅದೇ ಮಾಡ್ರಿ ತಮ್ಮಾ, ಡಿಜೆ ಬಡಿತ ಟಿಳಕವಾಡಿ ತನಕ ಕೇಳ್ತದ ಅಂತ ನಮ್ಮ ತಂಗಿ ಹೇಳ್ತಾಳ, ಆಕಿ ಅಲ್ಲೇ ಇರೂದು. ಮೆರವಣಿಗಿಗೆ ನಾಯಿ ಅನ್ನೂ ಮಾತು ಅಣ್ಣನ ತಲ್ಯಾಗಿಂದ ತಗೀರಿ.

ಮತ್ತ ಯಾರೂ ಇದರ ಬಗ್ಗೆ ಬರದಿಲ್ಲ, ತಿನ್ನೂದು. ಜಾತ್ರ್ಯಾಗ ಮಂದಿ ಪ್ರೀತಿಲೆ ಏನೇನ ಕೊಡ್ತಾರ. ಗಿರ್ಮಿಟ್‌ನ್ಯಾಗ ಉಳ್ಳಾಗಡ್ಡಿ, ಅದು ನಾಯಿಗೆ ವಿಷ, ರಕ್ತ ಕೆಡಸ್ತದ. ನಮ್ಮ ಊರಾಗಂತೂ ದ್ರಾಕ್ಷಿ, ಒಣದ್ರಾಕ್ಷಿ ಮನಿಮನ್ಯಾಗ ಬಿದ್ದಿರ್ತಾವ, ಅದನ್ನ ತಿಂದ್ರ ಕಿಡ್ನಿ ಹೋಗ್ತದ, ಸಣ್ಣ ನಾಯಿಗೆ ಹಿಡಿಯಷ್ಟೂ ಬೇಕಾಗಿಲ್ಲ. ಕರದಂಟಿನ್ಯಾಗೂ ಒಣದ್ರಾಕ್ಷಿ ಹಾಕಿರ್ತಾರ, ಗೋಕಾಕ ಇರಲಿ ಅಮೀನಗಡ ಇರಲಿ, ನಾಯಿಗೆ ಕೊಡಬ್ಯಾಡ್ರಿ, ನೀವ ತಿನ್ರಿ. ಚಿಂಚಲಿ ಮಾಯಕ್ಕನ ಜಾತ್ರಿ ಅಂಥಾ ಕಡೆ ಹೋದ್ರ ಭಂಡಾರ (ಅರಿಷಿಣ ಪುಡಿ) ಹಾರಸ್ತಾರ, ಕಣ್ಣು ಮೂಗು ಎಲ್ಲಾ ತುಂಬ್ತದ, ನಮಗ ಸೀನು ಬರ್ತದಂದ್ರ ಅದರ ಮೂಗಿಗೆ ಹೆಂಗ ಆಗಬೇಕು.

---

ದನದ_ದವಾಖಾನಿ

ನಾನು ಬಾಗಲಕೋಟಿ ಜಿಲ್ಲಾದಾಗ ಪಶು ವೈದ್ಯ. ಮ್ಯಾಲ ಹೇಳಿದ್ದು ಬಹುತೇಕ ಸರಿ ಐತಿ, ಡಾಕ್ಟರ್ ಕಡೀಂದ ನಾಲ್ಕ ಮಾತ.

ಸೆಕೆ ಮೊದಲು. ಗ್ರೇಹೌಂಡಿಗೆ ಮೈಯಾಗ ಕೊಬ್ಬು ಇಲ್ಲ, ಕೂದಲಾ ತೆಳು, ಚಳಿ ತಡ್ಕೊಳ್ಳೂದಿಲ್ಲ ಅಂತ ಎಲ್ಲಾರಿಗೂ ಕಾಣಸ್ತದ. ಅದಕ್ಕ ಸೆಕೆ ತಡೀತದ ಅಂತ ತಿಳ್ಕೋತಾರ. ಮೈತುಂಬ ಮಾಂಸಖಂಡ ಇದ್ದಿದ್ದಕ್ಕ ಗಾಬರಿ ಆಗಿ ಜಗ್ಗಾಡಿದ್ರ, ಓಡಿದ್ರ ಮೈ ಬಿಸಿ ಭಾಳ ಲಗೂ ಏರ್ತದ. ನಾಯಿ ಮೈ ಬಿಸಿ ಸಾಮಾನ್ಯಕ್ಕ 38ರಿಂದ 39 ಡಿಗ್ರಿ ಸೆಲ್ಸಿಯಸ್, 41 ದಾಟಿತಂದ್ರ ಜೀವಕ್ಕ ಬರ್ತದ. ಮಂದಿ ನಡುವ ಗಾಳಿ ಆಡಂಗಿಲ್ಲ, ಡಾಂಬರ ಕಾದಿರ್ತದ, ಕೈಯ ಹಿಂಭಾಗ ರಸ್ತಾಕ್ಕ ಒತ್ತಿ ಒಂದ ಐದಾರ ಸೆಕೆಂಡ ಇಟ್ಟ ನೋಡ್ರಿ, ನಿಮಗ ಆಗಲಿಲ್ಲಂದ್ರ ಅದರ ಪಾದಕ್ಕೂ ಆಗಂಗಿಲ್ಲ. ಗಾಡ್ಯಾಗ ಗ್ಲಾಸ್ ಇಷ್ಟ ಇಳಿಸಿ ಬಿಟ್ಟ ಹೋಗೂದಂತೂ ಬ್ಯಾಡೇ ಬ್ಯಾಡ.

ಸದ್ದು. ನಮ್ಮ ಕಿವಿಗೆ 20 ಸಾವಿರ ಹರ್ಟ್ಜ್ ತನ ಕೇಳ್ತದ, ನಾಯಿಗೆ ಸುಮಾರು 45 ಸಾವಿರ ತನ. ಸ್ಪೀಕರ್ ಕಿರುಚಿದಾಗ ನಮಗ ಕೇಳದ ಚೂಪು ಸದ್ದೂ ಅದಕ್ಕ ಕೇಳ್ತದ.

ಈಗ ಇದು ಉತ್ಸವಕ್ಕ ಸಂಬಂಧ ಇಲ್ಲ, ಆದ್ರ ನಿಮ್ಮ ಕಡೆ ಗ್ರೇಹೌಂಡ್ ನೋಡಿದ ಡಾಕ್ಟರ್ ಕಡಿಮಿ, ಅದಕ್ಕ ಬರದ ಇಟ್ಕೋರಿ. ಈ ಜಾತಿದು ರಕ್ತದ ಲೆಕ್ಕಾನ ಬ್ಯಾರೆ. ಕೆಂಪು ರಕ್ತಕಣ ಬ್ಯಾರೆ ನಾಯಿಗಿಂತ ಹೆಚ್ಚು, ಪ್ಲೇಟ್‌ಲೆಟ್ ಕಡಿಮಿ, ಥೈರಾಯ್ಡ್ ಹಾರ್ಮೋನೂ ಕಡಿಮಿ, ಇದೆಲ್ಲಾ ಅದಕ್ಕ ನಾರ್ಮಲ್ಲೇ. ನಮ್ಮ ಭಾಗದಾಗ ಉಣ್ಣಿ ಜ್ವರ ಭಾಳ, ಪ್ಲೇಟ್‌ಲೆಟ್ ಕಡಿಮಿ ಕಂಡ ಕೂಡ್ಲೆ ಉಣ್ಣಿ ಜ್ವರ ಅಂತ ಔಷಧ ಶುರು ಮಾಡೂದು ಸಹಜ. ಹಂಗಂತ ಉಣ್ಣಿ ಜ್ವರ ಬರಂಗೇ ಇಲ್ಲ ಅಂತಲ್ಲ, ಆಸ್ಟ್ರೇಲಿಯಾದಿಂದ ಬಂದ ನಾಯಿ, ತಿಂಗಳಾ ಉಣ್ಣಿ ಔಷಧ ತಪ್ಪಸಬ್ಯಾಡ್ರಿ. ಆರಾಮ ಇದ್ದಾಗೇ ಒಮ್ಮೆ ರಕ್ತ ತಪಾಸಣಿ ಮಾಡಿಸಿ ರಿಪೋರ್ಟ್ ಇಟ್ಕೊಂಡ್ರಿ ಅಂದ್ರ ಮುಂದ ಹೋಲಿಸಿ ನೋಡಾಕ ಬರ್ತದ. ಆಪರೇಶನ್ ಅಂತ ಬಂದ್ರ ಇದು ಗ್ರೇಹೌಂಡ್ ಅಂತ ಮೊದಲೇ ಹೇಳ್ರಿ, ಥಯೋಪೆಂಟೋನ್ ಅಂಥಾ ಅರಿವಳಿಕಿ ಕೊಟ್ರ ಇವಕ್ಕ ಎಚ್ಚರ ಆಗಾಕ ಭಾಳ ಹೊತ್ತ ಹಿಡೀತದ.

ಕಾಕಾರಿಗೂ ಒಂದ ಮಾತ. ನಾಯಿ ಕಡದ್ರ ಸಾಕಿದ್ದಿರಲಿ ಬೀದೀದಿರಲಿ ಮೊದಲ ಹರಿಯೂ ನೀರಾಗ ಸಾಬೂನ ಹಚ್ಚಿ 15 ನಿಮಿಷ ತೊಳೀರಿ, ಆಮ್ಯಾಲ ದವಾಖಾನಿ. ಅರಿಷಿಣ, ಸುಣ್ಣಾ, ಖಾರಪುಡಿ ಹಚ್ಕೊಂಡ ಬರೂದು ಇನ್ನೂ ನಿಂತಿಲ್ಲ ನಮ್ಮ ಕಡೆ, ನೋಡಿ ನೋಡಿ ಸಾಕಾಗೇತಿ.

---

ಅಗಸ್ತ್ಯತೀರ್ಥ_ದಂಡಿ

ಬಾದಾಮಿಗಿ ಬರೂ ಪ್ಲಾನ್ ಇದ್ರ ಅದನ್ನೂ ಈಗೇ ಕೈ ಬಿಡ್ರಿ ಸೋಫಾ ಅವ್ರ. ಬೆಂಗಳೂರ ಮಂದಿ ಬರ್ತಾರ, ಗುಹೆ ಗೇಟಿನ ಮುಂದ ನಾಯಿ ಹಿಡ್ಕೊಂಡ ನಿಂತು ಸೆಕ್ಯೂರಿಟಿ ಜೋಡಿ ಜಗಳಾ ತಗೀತಾರ. ಎಎಸ್‌ಐ (ಕೇಂದ್ರ ಪುರಾತತ್ವ ಇಲಾಖೆ) ಸ್ಮಾರಕದಾಗ ಪ್ರಾಣಿ ಒಳಗ ತರೂ ಹಂಗಿಲ್ಲ ಅಂತ ರೂಲೇ ಐತಿ, ಗೋಲಗುಮ್ಮಟಕ್ಕೂ ಅದೇ ರೂಲು. ರೂಲು ಬಿಡ್ರಿ, ನಮ್ಮ ಮಂಗ್ಯಾಗೋಳ ಬಗ್ಗೆ ವಿಚಾರ ಮಾಡ್ರಿ. ಒಂದ ಬೇಟೆ ನಾಯಿ, ಎದುರಿಗಿ ಮರಿ ಹೊತ್ಕೊಂಡ ಮಂಗ್ಯಾನ ಹಿಂಡು, ನಡುವ ಮೆಟ್ಟಿಲಾ, ಕೆಳಗ ಕೆರಿ. ನಾ ಟಿಕೆಟ್ ತಗೊಂಡ ನೋಡಾಕ ರೆಡಿ ಅದೀನಿ, ಆದ್ರ ನಿಮ್ಮ ನಾಯಿಗಿ ಬ್ಯಾಡ.

---

ಖಡೇಬಜಾರ್_ಕಾಕಾ

ಡಾಕ್ಟರ ಸಾಹೇಬ್ರ, ನಾವು ಸಾಬೂನ ಹಚ್ಚೇ ತೊಳದಿದ್ವಿ, ಇಂಜೆಕ್ಷನ್ ಎಲ್ಲಾ ಪೂರಾ ಮಾಡಿಸೀವಿ. ಮುಧೋಳದವ್ರು ಬರದದ್ದು ಓದಿದೆ, ನಾಯಿ ಹೆದರ್ತಾವು ಅನ್ನೂದು ನನ್ನ ತಲ್ಯಾಗ ಬಂದೇ ಇರಲಿಲ್ಲ, ಹೆದರೋದು ನಾವಷ್ಟೇ ಅಂತ ತಿಳ್ಕೊಂಡಿದ್ದೆ. ಆದ್ರೂ ನನ್ನ ಉತ್ತರ ಅದೇ. ಮನ್ಯಾಗ ಬಿಡ್ರಿ.

---

ಟಿಳಕವಾಡಿ_ಸೋಫಾ

ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರೀ. ಅಣ್ಣ ಮೊದಲ ಒಪ್ಪಲಿಲ್ಲ, "ಅವರೇನ ರೂಬಿನ್ನ ಕಂಡಾರೇನು" ಅಂದ. ಅದಕ್ಕ ಕೋಳಿ ತುಣಕಿನ ಪರೀಕ್ಷಾ ಮಾಡೂಣ ಅಂತ ಇಬ್ಬರೂ ನಿನ್ನೆ ಸಂಜೀಮುಂದ ಮನಿ ಹತ್ತರದ ಕಾಯಿಪಲ್ಯಾ ಸಂತಿ ದಂಡೀಗಿ, ಸಂತಿ ಒಳಗಲ್ಲ, ದಂಡೀಗಷ್ಟ ಕರ್ಕೊಂಡ ಹೋದ್ವಿ. ಸರ್ದಾರ ಕೈ ಸಮೇತ ತಿನ್ನಾಕ ಬಂದ. ರೂಬಿ ಮೂಸೂದೂ ಇಲ್ಲ, ಮಾರಿ ಆ ಕಡೆ ಮಾಡ್ತು. ಅಣ್ಣ ಏನೂ ಮಾತಾಡಲಿಲ್ಲ, ಸೀದಾ ಮನಿಗಿ ಬಂದ್ವಿ, ಮನ್ಯಾಗ ಅದೇ ತುಣಕ ಇಟ್ರ ಗಬಗಬ ತಿಂತು.

ಹಿಂಗಾಗಿ ಕಿತ್ತೂರಿಗಿ ನಾವಷ್ಟ ಹೋಗ್ತೀವಿ. ವೈನಿ ನಾ ಬರಂಗಿಲ್ಲ, ನಾಯಿ ಜೋಡಿ ಇರ್ತೀನಿ ಅಂದ್ರು, ಅವರಿಗಿ ಮೊದಲೇ ಗದ್ದಲ ಸೇರಂಗಿಲ್ಲ, ನೆಪ ಸಿಕ್ಕಂಗಾತು. ತಿರಗಾಡ್ಸೂದು ಬೆಳಿಗ್ಗೆ ಲಗೂ ವ್ಯಾಕ್ಸಿನ್ ಡಿಪೋ ಮೈದಾನದ ಕಡೆ, ವಾಕಿಂಗಿನ ಮಂದಿ ತುಂಬೂ ಮುಂಚೆ.

ಇನ್ನೊಂದ ಡೌಟು ಉಳೀತು. ಮಾರ್ಟಿಂಗೇಲ್ ಪಟ್ಟಾ ಇಲ್ಲಿ ಅಂಗಡ್ಯಾಗ ಕೇಳಿದ್ರ ಎಲ್ಲಾ ಸಣ್ಣ ಅಗಲದ್ದು ತೋರಸ್ತಾರ, ಎರಡ ಬೆರಳ ಅಗಲ ಇದ್ರ ಸಾಕೇನು? ಮತ್ತ ಎರಡನ್ನೂ ಒಬ್ಬರೇ ಹಿಡೀಬಹುದಾ?

---

ಮುಧೋಳ_ಬಯಲು

ಎರಡ ಬೆರಳ ಸಾಲಂಗಿಲ್ಲ, ಕೊರೀತೈತಿ. ಮೂರ ಬೆರಳರ ಬೇಕು, ನಾಲ್ಕ ಇದ್ರ ಚೊಲೊ. ಸಿಗಲಿಲ್ಲಂದ್ರ ಚರ್ಮದ ಕೆಲಸ ಮಾಡೋರ ಕಡೆ ಫೋಟೋ ತೋರಿಸಿ ಮಾಡಸ್ರಿ, ಒಳಗ ಮೆತ್ತನ ಬಟ್ಟಿ ಹೊಲಿಸ್ರಿ, ರಿಂಗ್ ಗಟ್ಟಿ ಕಬ್ಬಿಣದ್ದೇ ಹಾಕಸ್ರಿ, ಪ್ಲಾಸ್ಟಿಕ್ ಕ್ಲಿಪ್ ಬ್ಯಾಡ. ಅಳತಿ ಎರಡ ಕಡೆ ತಗೋರಿ, ಕಿವಿ ಹಿಂದ ಕುತ್ತಿಗಿ ಸುತ್ತ ಒಂದು, ತಲೀದು ದಪ್ಪ ಇದ್ದಲ್ಲೆ ಒಂದು. ಪೂರಾ ಬಿಗಿ ಆದಾಗ ಪಟ್ಟಾ ತಲಿ ಅಳತಿಗಿಂತ ಸಣ್ಣ ಆಗಬೇಕು, ಸಡ್ಲ ಬಿಟ್ಟಾಗ ತಲೀಮ್ಯಾಲಿಂದ ಹಾಕಾಕ ಬರಬೇಕು. ಪಟ್ಟಾದ ಮ್ಯಾಲ ಫೋನ್ ನಂಬರ್ ಕೆತ್ತಸ್ರಿ.

ಇಬ್ಬರು ಬೇಕು, ನಾಯಿಗೊಬ್ಬರು. ಬೆಕ್ಕ ಬಂತಂದ್ರ ಸರ್ದಾರ ಒಂದ ಕಡೆ ಹೋಗ್ತಾನ, ರೂಬೀನೂ ಅದೇ ಕಡೆ ಹೋಗ್ತೈತಿ, ನೀವು ನಡುವ ರಸ್ತಾದ ಮ್ಯಾಲ ಇರ್ತೀರಿ. ಅಣ್ಣ ಸರ್ದಾರನ್ನ ಹಿಡೀಲಿ. ಅಳತಿ ಮಾಡಿ ಇಲ್ಲೇ ಹಾಕ್ರಿ, ನೋಡಿ ಹೇಳ್ತೀನಿ.